ಬಿಸಿಲು ಹಾಳೆಯ ಮೇಲೆ ಏಕಾಂತಯ್ಯನವರ ನೆರಳು

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುವುದು ಆನೆ ನೋಡಿದವರ ಗಾದೆ. ನಮ್ಮೂರಿನವರು ಆನೆಗಿಂತ ಹೆಚ್ಚಾಗಿ ಅಧಿಕಾರಿಗಳನ್ನು ನೋಡಿದವರು. ಹಾಗಾಗಿ ನಮ್ಮಲ್ಲಿ ಗಾದೆ ಬೇರೆ: ಸಾಹೇಬರು ಇದ್ದರೂ ನೆರಳು, ಎದ್ದರೂ ನೆರಳು. ಇದರ ಮೇಲೆ ಒಂದು ಕಥೆ ಇದೆ, ಅಪ್ಪಟ ನಿಜ. ಒಂದಕ್ಷರ ಸುಳ್ಳಿದ್ದರೂ ನನ್ನ ನೆರಳು ನಿಮ್ಮ ಮನೆಯ ಪಡಸಾಲೆಯಲ್ಲಿ ಬಾಡಿಗೆ ಕೊಡದೆ ಬಿದ್ದಿರಲಿ.

ನಮ್ಮೂರಲ್ಲಿ ಮನುಷ್ಯ ಮೊದಲು ಏಳುತ್ತಾನೆ, ನೆರಳು ಆಮೇಲೆ ಏಳುತ್ತದೆ. ನನ್ನಂಥವನು ಎದ್ದರೆ ಚಪ್ಪಲಿ ಮೆಟ್ಟುವಷ್ಟರಲ್ಲಿ ನೆರಳು ಓಡಿ ಬಂದು ಹಿಮ್ಮಡಿಗೆ ಅಂಟಿಕೊಳ್ಳುತ್ತದೆ. ಶಾಲೆಯ ಹೆಡ್ಮಾಸ್ತರರು ಎದ್ದು ಹೋದರೆ ಮುಂದಿನ ಪೀರಿಯಡ್ಡಿನ ಅರ್ಧದವರೆಗೂ ಕುರ್ಚಿಯಲ್ಲಿ ಅವರ ನೆರಳು ಕೂತಿರುತ್ತದೆ. ಮಕ್ಕಳು ಅದಕ್ಕೇ ಹೆದರಿ ಮಗ್ಗಿ ಒಪ್ಪಿಸುತ್ತಾರೆ. ತಹಸೀಲ್ದಾರರು ಬಸ್ ಸ್ಟ್ಯಾಂಡಿನಲ್ಲಿ ಒಂದು ಗಳಿಗೆ ನಿಂತು ಹೋದರೂ ಸಂಜೆಯವರೆಗೆ ಅಲ್ಲಿ ತಂಪು. ಚಹಾದಂಗಡಿಯ ಮೆಹಬೂಬಿ ಬೇಸಿಗೆ ಬಂತೆಂದರೆ ತನ್ನ ಬೆಂಚು ಹೊತ್ತುಕೊಂಡು, ಇವತ್ತು ಯಾವ ದೊಡ್ಡವರು ಎಲ್ಲಿ ನಿಂತಿದ್ದರು ಎಂದು ವಿಚಾರಿಸುತ್ತಾ ಊರು ಸುತ್ತುತ್ತಾಳೆ. ಹೆಣ್ಣಿನ ಕಡೆಯವರು ಹುಡುಗನ ಮನೆಗೆ ಬಂದರೆ ಸಂಬಳ ಕೇಳುವುದಿಲ್ಲ. "ಸ್ವಲ್ಪ ನೀರು ತರ್ತೀರಾಪ್ಪಾ?" ಎಂದು ಅವನನ್ನು ಒಳಗೆ ಕಳಿಸಿ, ಅವನು ಕೂತಿದ್ದ ಚಾಪೆಯನ್ನು ನೋಡುತ್ತಾರೆ. ನನಗೆ ಹೆಣ್ಣು ಸಿಗುವುದು ತಡವಾದದ್ದು ಹೀಗೆ. ನಾನು ನೀರಿನ ಲೋಟ ಮುಟ್ಟುವ ಮೊದಲೇ ನನ್ನ ನೆರಳು ಅಡುಗೆಮನೆಯಲ್ಲಿ ಹಾಜರಿರುತ್ತಿತ್ತು.

ಸೂರ್ಯ ಮುಳುಗಿದರೆ ಎಲ್ಲರ ನೆರಳಿಗೂ ರಜೆ. ಹಗಲಲ್ಲಿ ಮಾತ್ರ ಮರ್ಯಾದೆ ಬಿಗಿ. ದೊಡ್ಡವರ ನೆರಳನ್ನು ತುಳಿಯುವಂತಿಲ್ಲ, ದಾಟುವಂತಿಲ್ಲ. "ಇದನ್ನ ಸ್ವಲ್ಪ ಆ ಕಡೆ ಎಳ್ಕೊಳ್ಳಿ" ಎಂದು ಬಾಯಿಬಿಟ್ಟು ಹೇಳುವುದಂತೂ ಅವರ ಮುಖಕ್ಕೇ ಏಕವಚನ ಎಸೆದ ಹಾಗೆ.

ಊರಾಚೆಯ ಗುಡ್ಡದ ಮೇಲೆ ಬಿಸಿಲು ಪ್ರಯೋಗಾಲಯವಿದೆ. ನಾನು, ಜಿನದತ್ತ, ಅಲ್ಲಿ ಪ್ರಕಟಣಾ ಸಹಾಯಕ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಬೇರೆ ಕೆಲಸವಿಲ್ಲ. ಕನ್ನಡ ಎಂ.ಎ. ಮಾಡಿದ್ದೆ, ಪತ್ರಿಕಾ ಹೇಳಿಕೆ ಬರೆದುಕೊಂಡಿರು ಎಂದು ಕೂರಿಸಿದ್ದರು. ಬರೆಯುವುದಕ್ಕಿಂತ ನನಗೆ ಹೆಚ್ಚು ಒಲಿದ ವಿದ್ಯೆ ಇನ್ನೊಬ್ಬರ ಗಂಟಲು ಕದಿಯುವುದು. ಬಸ್ ಕಂಡಕ್ಟರ್ ಆಗಲಿ, ಹರಿಕಥೆ ದಾಸರಾಗಲಿ, ಮೂರನೇ ಸೀಟಿ ಕೂಗುವ ಕುಕ್ಕರ್ ಆಗಲಿ, ಒಮ್ಮೆ ಕೇಳಿದರೆ ಸಾಕು. ಹೆಂಡತಿ ಮೂರು ಸೀಟಿಯಾಯಿತೆಂದು ಒಲೆ ಆರಿಸಿ, ಅರೆಬೆಂದ ಬೇಳೆಯ ಸಾರನ್ನು ನನಗೇ ಬಡಿಸಿದ್ದುಂಟು.

ಪ್ರಯೋಗಾಲಯದಲ್ಲಿ ನಿಜವಾದ ಕೆಲಸ ಮಾಡುತ್ತಿದ್ದವರು ಇಂದುಮತಿ ಮೇಡಂ. ಹೆಸರಿನಲ್ಲಿ ಚಂದ್ರ, ಚಾಕರಿ ಸೂರ್ಯನದು. ಲಗ್ನಪತ್ರಿಕೆ ಅಚ್ಚು ಹಾಕುವ ಹಾಗೆ ತೆಳುವಾದ ಪ್ಲಾಸ್ಟಿಕ್ಕಿನ ಮೇಲೆ ಪಾಲಿಮರ್ ಮಸಿ ಬಳಿದು, ಅದರಿಂದ ಕರೆಂಟು ಹುಟ್ಟಿಸುವ ವಿದ್ಯೆ ಅವರದು. ಗಾಜಿನ ಫಲಕದ ಭಾರವಿಲ್ಲ. ಚಾಪೆಯ ಹಾಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಬಣ್ಣ ಮಾಗಿದ ನೇರಳೆ ಹಣ್ಣಿನದು. ನಾನು ಪತ್ರಿಕೆಗೆ ಬರೆಯಬೇಕಲ್ಲ, ಅದಕ್ಕೆ ಒಮ್ಮೆ ಕೂರಿಸಿ ಹೇಳಿಕೊಟ್ಟರು.

"ಇದರಲ್ಲಿ ಎರಡು ಜಾತಿ ಇದೆ ಜಿನದತ್ತ. ಒಂದು ಕೊಡೋದು, ಇನ್ನೊಂದು ಇಸ್ಕೊಳ್ಳೋದು. ಬಿಸಿಲು ಬಿದ್ದಾಗ ಎರಡೂ ಪಕ್ಕಪಕ್ಕದಲ್ಲೇ ಇರಬೇಕು. ತೀರಾ ಬೆರೆತು ಹೋದ್ರೆ ಕರೆಂಟು ಹೊರಗೆ ಬರೋಕೆ ದಾರಿ ಇರಲ್ಲ. ತೀರಾ ದೂರ ಆದ್ರೆ ಹುಟ್ಟೋದೇ ಇಲ್ಲ."

"ಗಂಡ ಹೆಂಡ್ತಿ ಅನ್ನಿ ಮೇಡಂ."

"ಹೂಂ, ತಗಡಿನ ಶೀಟಿನ ಮನೇಲಿರೋ ಗಂಡ ಹೆಂಡ್ತಿ. ಸೆಕೆ ಹೆಚ್ಚಾದ ಹಾಗೆ ಮುನಿಸಿಕೊಂಡು ಒಬ್ಬೊಬ್ರು ಒಂದೊಂದು ಮೂಲೆ ಸೇರ್ತಾರೆ. ಅಲ್ಲಿಗೆ ಕರೆಂಟು ಖತಂ. ಅದಕ್ಕೇ ಮೂರನೇದೊಂದನ್ನ ಚಿಟಿಕೆಯಷ್ಟು ಸೇರಿಸಿದೀನಿ, ಇಬ್ಬರನ್ನೂ ಹಿಡಿದು ಕೂರಿಸೋಕೆ."

"ಅತ್ತೆ!"

"ಅತ್ತೆ ಬಂದ್ರೆ ಇನ್ನೂ ಬೇಗ ಬೇರೆ ಆಗ್ತಾರೆ ಕಣಯ್ಯ. ಮಗು ಅಂತ ಬರ್ಕೋ."

ಹಾಳೆಯ ಸಂಕಟ ಅಷ್ಟೇ ಅಲ್ಲ. ಬಿಸಿಲೇ ಅದರ ಅನ್ನ, ಬಿಸಿಲೇ ಅದರ ವಿಷ. ಅಂಚಿನಿಂದ ಒಂದಿಷ್ಟು ಗಾಳಿ, ಒಂದಿಷ್ಟು ತೇವ ನುಸುಳಿದರೆ ಬಿಸಿಲಿಗೆ ಇನ್ನೂ ಅನುಕೂಲ. ಹಿಂದಿನ ಹಾಳೆಗಳೆಲ್ಲ ಹುಟ್ಟಿದ ದಿನ ಭರ್ಜರಿ ಅಂಕ ಪಡೆದು, ತಿಂಗಳಾಗುವಷ್ಟರಲ್ಲಿ ಮುಗ್ಗಿದ ಹಪ್ಪಳದ ಬಣ್ಣಕ್ಕೆ ತಿರುಗಿ ತಣ್ಣಗಾಗುತ್ತಿದ್ದವು. ಇಂದುಮತಿ ಮೇಡಂ ಅಂಚನ್ನು ಕರಜಿಕಾಯಿಗೆ ಹಾಕುವ ಹಾಗೆ ಎರಡು ಸಲ ಮಡಿಚಿ, ನಡುವೆ ಅಂಟು ತುಂಬಿ, ಒತ್ತಿ ಮುಚ್ಚುವುದನ್ನು ಕಲಿತರು. ಅದಕ್ಕೆ ಅವರ ತಲೆಯ ಮುಂಭಾಗದ ಕಪ್ಪು ಕೂದಲಷ್ಟೂ ಖರ್ಚಾಯಿತು.

ನಮ್ಮ ನಿರ್ದೇಶಕರು ಡಾಕ್ಟರ್ ಏಕಾಂತಯ್ಯನವರು. ಹೆಸರು ಏಕಾಂತಯ್ಯ; ಸುತ್ತ ನಾಲ್ಕು ಜನ ಇಲ್ಲದಿದ್ದರೆ ನೀರು ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವರಿಗೆ ಮೊದಲ ದಿನದ ಅಂಕ ಇಷ್ಟ. ದಕ್ಷತೆ ಎಷ್ಟು ಬಂತು ಎಂದು ಕೇಳಿ, ನನ್ನಿಂದ ಹೇಳಿಕೆ ಬರೆಸಿ, ಹಾರ ಹಾಕಿಸಿಕೊಳ್ಳುತ್ತಿದ್ದರು. ಹಾಳೆ ಕಂದಿದಾಗ ಹೇಳಿಕೆ ಇರುತ್ತಿರಲಿಲ್ಲ. ಕೂಸಿನ ತೂಕವನ್ನು ಊರಿಗೆಲ್ಲ ಸಾರಿ, ಕೂಸು ಬದುಕಿತೇ ಎಂದು ಕೇಳದ ಅಜ್ಜನ ಹಾಗೆ.

ಇದನ್ನು ಹೊರಗಿನ ಸಮಿತಿಯವರು ಹೇಗೋ ಕಂಡುಹಿಡಿದರು. ಯುಗಾದಿ ಮುಗಿದ ಮೇಲೆ ಒಂದು ದಿನ ಬಂದು, ಇಂದುಮತಿ ಮೇಡಂ ಮಾಡಿದ ಹೊಸ ಹಾಳೆಯನ್ನು ಅಳೆದು, ತಾರಸಿಯ ಮೇಲೆ ಚೌಕಟ್ಟಿಗೆ ಬಿಗಿದು, ಅದು ಅಲುಗದ ಹಾಗೆ ಮೊಹರು ಹಾಕಿದರು. ಒಂದು ವರ್ಷ ಹಾಳೆ ಬಿಸಿಲಲ್ಲಿ ದುಡಿಯಬೇಕು. ವರ್ಷದ ಕೊನೆಗೂ ಮೊದಲಿನ ಶಕ್ತಿಯ ನೂರಕ್ಕೆ ಎಂಬತ್ತು ಪಾಲು ಉಳಿದಿರಬೇಕು. ಉಳಿದರೆ ಪ್ರಯೋಗಾಲಯ ಉಳಿಯಿತು. ಇಲ್ಲದಿದ್ದರೆ ಬೀಗ; ಹಾಳೆ ಗುಜರಿಗೆ, ಇಂದುಮತಿ ಮೇಡಂ ಬರಿಗೈಯಲ್ಲಿ ಮನೆಗೆ.

ಸಮಿತಿಯ ಕಾರು ಗುಡ್ಡ ಇಳಿದ ಮರುದಿನವೇ ಏಕಾಂತಯ್ಯನವರು ತಾರಸಿ ಹತ್ತಿದರು. ಹಾಳೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮುಂದೆ ನಿಂತು ಕ್ರಾಪು ತೀಡಿಕೊಂಡರು, ಕೋಟಿನ ಗುಂಡಿ ಹಾಕಿಕೊಂಡರು, ಸೊಂಟದ ಮೇಲೆ ಎರಡೂ ಕೈ ಇಟ್ಟು ಒಂದು ಭಂಗಿ ಕೊಟ್ಟು ಕೆಳಗಿಳಿದರು. ನೆರಳು ಇಳಿಯಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡೇ ಹಾಳೆಯ ಉದ್ದಗಲಕ್ಕೂ ಬಿದ್ದುಕೊಂಡು, ಸೂರ್ಯ ಮುಳುಗುವವರೆಗೆ ವಿಶ್ರಮಿಸಿತು. ಪಕ್ಕದ ಮೀಟರಿನ ಮುಳ್ಳು ಸೊನ್ನೆಯ ಮನೆಯಲ್ಲಿ ಕಾಲು ಚಾಚಿ ಮಲಗಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ.

ಹೀಗೆಯೇ ಕೆಲವು ವಾರ ಕಳೆದ ಮೇಲೆ ಏಕಾಂತಯ್ಯನವರು ಹಾಳೆಯನ್ನು ಮುಟ್ಟಿ ನೋಡಿ ನನ್ನನ್ನು ಕರೆದರು. "ಹ್ಞೂಂ... ನೋಡೀಪ್ಪಾ ಜಿನದತ್ತ, ಒಂದು ರೀತಿಯಲ್ಲಿ ನೋಡಿದರೆ, ಈ ಹಾಳೆ ಇನ್ನೂ ಮದುಮಗಳ ಹಾಗಿದೆ. ಹಿಂದಿನವೆಲ್ಲ ಇಷ್ಟೊತ್ತಿಗೆ ಕಂದಿ ಹೋಗಿದ್ವು. ಏನು ಕಾರಣ?"

"ತಾವೇ ಹೇಳ್ಬೇಕು ಸರ್."

"ನನ್ನ ಸನ್ನಿಧಾನ! ಬರ್ಕೊಳ್ಳಿ."

ಬರೆದುಕೊಂಡೆ. ನಿರ್ದೇಶಕರ ಛತ್ರಛಾಯೆಯಲ್ಲಿ ಹಾಳೆಗೆ ದೀರ್ಘಾಯುಷ್ಯ ಎಂದು ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ಪಕ್ಕದ ನೀರಾವರಿ ಇಲಾಖೆಯ ಸಾಹೇಬರೂ ತಮ್ಮ ಹೊಸ ಪಂಪಿನ ಮೇಲೆ ನೆರಳು ಬಿಟ್ಟು ಬಂದರಂತೆ. ಪಂಪು ಚಾಲೂ ಆಗಲಿಲ್ಲ, ಆದರೆ ಕೆಡಲೂ ಇಲ್ಲ.

ಇಂದುಮತಿ ಮೇಡಂ ಪತ್ರಿಕೆಯನ್ನು ಮಡಿಚಿ ಬೀಸಣಿಗೆ ಮಾಡಿಕೊಂಡು ತಾರಸಿಯ ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದರು. "ಬಿಸಿಲೇ ಕಾಣದ ಹಾಳೆ ಗಟ್ಟಿ ಅಂದ್ರೆ, ನೀರಿಗೇ ಇಳೀದವನು ಮುಳುಗಲಿಲ್ಲ ಅಂತ ಬಹುಮಾನ ಕೊಟ್ಟ ಹಾಗೆ. ವರ್ಷ ಹೀಗೇ ಹೋದ್ರೆ ನನಗೆ ಏನು ಗೊತ್ತಾಯ್ತು? ಇದು ನಿಜವಾಗ್ಲೂ ಬಾಳುತ್ತಾ ಇಲ್ವಾ ಅಂತ ನಾನು ಸಾಯೋದ್ರೊಳಗೆ ನೋಡ್ಬೇಕು ಕಣಯ್ಯ."

"ನೆರಳನ್ನ ಸ್ವಲ್ಪ ಸರಿಸಿ ಅಂತ ಸರ್‌ಗೆ ಹೇಳಿಬಿಡಿ."

"ನೀನು ಹೇಳ್ತೀಯಾ?"

ನಾನು ಬೇರೆ ವಿಷಯಕ್ಕೆ ಬಂದೆ. ಅವರ ಮುಖ ನೋಡಲಾಗದೆ, ಸ್ವಲ್ಪ ನಗಿಸೋಣವೆಂದು ಎದ್ದು ನಿಂತು ಸೊಂಟದ ಮೇಲೆ ಕೈ ಇಟ್ಟೆ. ಗಂಟಲನ್ನು ಏಕಾಂತಯ್ಯನವರ ಅಳತೆಗೆ ಹಿಗ್ಗಿಸಿಕೊಂಡು ಹೇಳಿದೆ: "ಹ್ಞೂಂ... ನೋಡೀಪ್ಪಾ, ಒಂದು ರೀತಿಯಲ್ಲಿ ನೋಡಿದರೆ ಇಲ್ಲಿ ಕೆಲಸ ಮುಗೀತು. ನಡೀರಿ, ಕೆಳಗೆ ಮೀಟಿಂಗ್ ಇದೆ. ಗೋಡಂಬಿ ಇಟ್ಟಿದ್ದಾರೆ."

ಹಾಳೆಯ ಮೇಲೆ ಏನೋ ಮಿಸುಕಿತು. ನೆರಳು ಸೊಂಟದಿಂದ ಕೈ ತೆಗೆಯಿತು. ಮೈ ಮುರಿಯಿತು. ಕೋಟು ಸರಿಮಾಡಿಕೊಂಡು, ತಾರಸಿಯ ಮೇಲೆ ಗಂಭೀರವಾಗಿ ಹರಿದು, ಮೆಟ್ಟಿಲು ಮೆಟ್ಟಿಲಿಗೂ ಮುರಿಮುರಿದು ಬಾಗುತ್ತಾ ಕೆಳಗಿಳಿದು ಹೋಯಿತು. ಇಂದುಮತಿ ಮೇಡಂ ಬೀಸಣಿಗೆ ಕೈಬಿಟ್ಟರು. ಮುಳ್ಳು ಸೊನ್ನೆಯ ಮನೆಯಿಂದ ಎದ್ದು ಜಿಗಿಯಿತು.

"ಇನ್ನೊಂದು ಸಲ ಹೇಳು," ಎಂದರು.

"ಹೋಗಾಯ್ತಲ್ಲ ಮೇಡಂ."

"ನಾಳೆ ಹೇಳು. ನಾಳಿದ್ದೂ ಹೇಳು. ದಿನಾ ಹೇಳು!"

ಅಲ್ಲಿಂದ ಅದೇ ನನ್ನ ನಿತ್ಯಪೂಜೆಯಾಯಿತು. ಏಕಾಂತಯ್ಯನವರು ಬೆಳಿಗ್ಗೆ ತಾರಸಿಯಿಂದ ಇಳಿದು ಕೋಣೆ ಸೇರುವಷ್ಟರಲ್ಲಿ ನಾನು ಟ್ಯಾಂಕಿನ ಹಿಂದಿನಿಂದ ಗೋಡಂಬಿ ಆಸೆ ತೋರಿಸುತ್ತಿದ್ದೆ. ಒಮ್ಮೊಮ್ಮೆ ರುಚಿ ಬದಲಿಸುತ್ತಿದ್ದೆ. ಮಂತ್ರಿಗಳ ಫೋನು ಎಂದರೆ ನೆರಳು ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಿತ್ತು. ಆಡಿಟ್ ಪಾರ್ಟಿ ಬಂದಿದೆ ಎಂದ ದಿನ ಮಾತ್ರ ಹಾಳೆಯಡಿ ಮುದುಡಿಕೊಂಡು ಹೊರಗೇ ಬರಲಿಲ್ಲ. ಹಾಳೆ ನಿಜವಾದ ಬಿಸಿಲು ಕುಡಿಯತೊಡಗಿತು. ಮಳೆಗಾಲದ ತೇವ, ಚಳಿಗಾಲದ ಇಬ್ಬನಿ ಎಲ್ಲವನ್ನೂ ಕಂಡಿತು. ಇಂದುಮತಿ ಮೇಡಂ ದಿನಾ ಬಂದು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಅಂಚು ಮುಟ್ಟಿ ನೋಡುತ್ತಿದ್ದರು. ಮುಳ್ಳು ಮೊದಲಿಗಿಂತ ಒಂದಿಷ್ಟು ಇಳಿಯಿತು, ಆಮೇಲೆ ಹಠ ಹಿಡಿದವರ ಹಾಗೆ ಅಲ್ಲೇ ನಿಂತಿತು. ಕಂದು ಬಣ್ಣ ಬರಲಿಲ್ಲ.

ಬಣ್ಣ ಬದಲಾದದ್ದು ಕೆಳಗಿನ ಮಹಡಿಯಲ್ಲಿ. ನಿರ್ದೇಶಕರು ತಾರಸಿಯಿಂದ ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಅವರ ನೆರಳೂ ಬಂದು ಬೆನ್ನ ಹಿಂದೆ ಕೂರುವುದನ್ನು ಮೊದಲು ಜವಾನ ತಿಮ್ಮೇಗೌಡ ಕಂಡ. ಅವತ್ತಿನಿಂದ ಅವನು ಗಂಟೆ ಹೊಡೆದ ಕೂಡಲೇ ಏಳುವುದನ್ನು ಬಿಟ್ಟ. ಆಮೇಲೆ ಗುಮಾಸ್ತರು ಕಂಡರು. ಚಹಾ ತಣ್ಣಗೆ ಬರತೊಡಗಿತು. ಊರಿಗೆ ಸುದ್ದಿ ಇಳಿದ ಮೇಲೆ ಮೆಹಬೂಬಿಯ ಅಂಗಡಿಯಲ್ಲಿ ಮಾತೆಲ್ಲ ಅದೇ. "ಪಾಪ, ಏಕಾಂತಯ್ಯೋರ ನೆರಳು ಸಾಲಿ ಬಿಟ್ ಹುಡುಗರಂಗ ಮನಿಗೆ ಓಡ್ತೈತಂತಲ್ರೀ! ಅವರನ್ನ ನಂಬಿ ನಾ ಬೆಂಚ್ ಹೆಂಗ ಹಾಕ್ಲಿ?" ಎಂದು ಅವಳು ನನ್ನನ್ನೇ ಕೇಳಿದಳು. ಏಕಾಂತಯ್ಯನವರ ಸೇವಾವಧಿ ಮುಂದುವರಿಸುವ ಮಾತು ಊರ ಹಿರಿಯರ ಸಭೆಯಲ್ಲಿತ್ತು. ಅಷ್ಟು ಹಗುರ ನೆರಳಿನವರಿಗೆ ಅಷ್ಟು ಭಾರದ ಕುರ್ಚಿ ಯಾಕೆ ಎಂದು ಅಲ್ಲಿ ಯಾರೋ ಕೇಳಿದರಂತೆ.

ಏಕಾಂತಯ್ಯನವರು ಮದ್ದು ಹುಡುಕಿದರು. ನೆರಳಿಗೆ ತೂಕ ಬರಲೆಂದು ತುಪ್ಪ ಹೆಚ್ಚಿಸಿದರು. ತೂಕ ಅವರಿಗೇ ಬಂತು. ಬೇಸಿಗೆಯಲ್ಲೂ ಉಣ್ಣೆಯ ಕೋಟು ತೊಟ್ಟರು. ಯಾರೋ ಹೇಳಿದರೆಂದು ಜೇಬುಗಳಲ್ಲಿ ಮಾಪನ ಇಲಾಖೆಯ ಮುದ್ರೆಯಿದ್ದ ತೂಕದ ಬಟ್ಟುಗಳನ್ನು ಇಟ್ಟುಕೊಂಡು ನಡೆದಾಡಿದರು. ನಾನು ಗೋಡಂಬಿ ಎಂದ ಕೂಡಲೇ ನೆರಳು ಅವೆಲ್ಲವನ್ನೂ ಹೊತ್ತುಕೊಂಡು ಏದುಸಿರು ಬಿಡುತ್ತಾ ಮೆಟ್ಟಿಲಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಹೇಳಿಕೆಗೆ ರುಜು ಹಾಕಿಸಲು ಅವರ ಕೋಣೆಗೆ ಹೋದೆ. ಬಾಗಿಲಲ್ಲಿ ತಿಮ್ಮೇಗೌಡ ನಿದ್ದೆಯಲ್ಲಿದ್ದ. ಒಳಗೆ ಏಕಾಂತಯ್ಯನವರು ಬೂಟು ಬಿಚ್ಚಿಟ್ಟು, ಒಂದು ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿಕೊಳ್ಳುತ್ತಿದ್ದರು. ಸುತ್ತ ಒಬ್ಬರೂ ಇರಲಿಲ್ಲ. ಆ ಹೆಸರಿಗೆ ಅವರು ಹೊಂದಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಕೂತ್ಕೋ," ಎಂದರು. ಆ ದನಿಯಲ್ಲಿ 'ಹ್ಞೂಂ' ಇರಲಿಲ್ಲ, 'ಒಂದು ರೀತಿಯಲ್ಲಿ' ಇರಲಿಲ್ಲ. ಸಣ್ಣ ದನಿ, ತುದಿಯಲ್ಲಿ ಸ್ವಲ್ಪ ಒಡೆದದ್ದು. "ನನ್ನ ನೆರಳು ನನ್ನ ಮಾತೇ ಕೇಳ್ತಿಲ್ಲ ಕಣಪ್ಪ."

ಕೇಳುವುದು ನಿಮ್ಮ ಮಾತೊಂದನ್ನೇ ಸರ್, ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.

"ಬೆಳಗಿಂದ ನಿಂತೇ ಇರ್ತೀನಿ. ಹೆಚ್ಚು ಹೊತ್ತು ನಿಂತಷ್ಟೂ ನೆರಳು ಊರುತ್ತೆ ಅಂದ್ರು. ಕಾಲು ಸೇದಿ ಹೋಗ್ತಿದೆ. ಎಕ್ಸ್‌ಟೆನ್ಷನ್ ಸಿಗ್ಲಿಲ್ಲ ಅಂದ್ರೆ..." ಅಷ್ಟಕ್ಕೆ ನಿಲ್ಲಿಸಿ, "ಸಿಕ್ಕಿದ್ರೂ ಇನ್ನೂ ಐದು ವರ್ಷ ನಿಲ್ಲಬೇಕು, ಅಲ್ವಾ?" ಎಂದು ನನ್ನನ್ನೇ ಕೇಳಿದರು. ಅಷ್ಟರಲ್ಲಿ ಹೊರಗೆ ಯಾರದೋ ಹೆಜ್ಜೆ ಕೇಳಿತು. ಪಾದ ಬೂಟಿನೊಳಗೆ ಹೋಯಿತು. "ಹ್ಞೂಂ... ನೋಡೀಪ್ಪಾ, ಎಲ್ಲಿ ರುಜು?"

ಇಂದುಮತಿ ಮೇಡಂಗೆ ಇದನ್ನು ಹೇಳಿದೆ. ಅವರು ಹಾಳೆಯ ಅಂಚು ತಿಕ್ಕಿದರು. "ಪಾಪ ಅನ್ಸುತ್ತೆ. ಆದ್ರೆ ಇನ್ನೇನು ಸಮಿತಿ ಬರೋ ಹೊತ್ತಾಯ್ತು. ಅದೊಂದು ದಿನ ದಾಟಲಿ, ಆಮೇಲೆ ಅವರ ನೆರಳು ಬೇಕಾದ್ರೆ ನನ್ನ ಮೇಜಿನ ಮೇಲೆ ಮಲಗಿರಲಿ."

ಸಮಿತಿ ಬರುವ ದಿನ ಏಕಾಂತಯ್ಯನವರು ಕಸ ಗುಡಿಸುವವರಿಗಿಂತ ಮುಂಚೆ ತಾರಸಿಗೆ ಬಂದರು. ಉಣ್ಣೆ ಕೋಟು, ಅದರ ಮೇಲೆ ಶಾಲು. ಊರ ಹಿರಿಯರನ್ನೂ ಕರೆಸಿದ್ದರು; ಅವರೆದುರಿಗೆ ಇವತ್ತು ನೆರಳಿನ ತೂಕ ತೋರಿಸಿಯೇ ಬಿಡುವ ಪಣ. ಹಾಳೆಯ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತವರು ಅಲುಗಲಿಲ್ಲ. ಬಿಸಿಲೇರಿತು. ಬೆವರು ಕಿವಿಯ ಹಿಂದಿನಿಂದ ಇಳಿದು ಶಾಲಿನೊಳಗೆ ಸೇರಿತು. ನಾನು ಟ್ಯಾಂಕಿನ ಹಿಂದೆ ಗಂಟಲು ಹದಮಾಡಿಕೊಂಡು ಕಾದೆ. ಮನುಷ್ಯ ಕೆಳಗಿಳಿದರೆ ತಾನೇ ನೆರಳಿಗೆ ಗೋಡಂಬಿ ತೋರಿಸುವುದು?

ಸಮಿತಿಯ ಅಧ್ಯಕ್ಷೆ ಫಿಲೋಮಿನಾ ಕ್ರಾಸ್ತಾ ಎಂಬವರು ಮೆಟ್ಟಿಲು ಹತ್ತಿ ಬಂದರು. ಹೊರಗಿನವರು; ಅವರ ನೆರಳು ಅವರ ಕಾಲಿಗೆ ಹೊಲಿದ ಹಾಗೆ ಜೊತೆಗೇ ಬಂತು. ಅದನ್ನು ನೋಡಿ ತಿಮ್ಮೇಗೌಡ ಸಲಾಮು ಹೊಡೆಯಲೆತ್ತಿದ ಕೈಯಿಂದ ತಲೆ ಕೆರೆದುಕೊಂಡ. ಏಕಾಂತಯ್ಯನವರು ಕೈ ಜೋಡಿಸಿ ಅವರತ್ತ ನಡೆದರು. ನೆರಳು ಮಾತ್ರ ಅಲ್ಲೇ, ಸೊಂಟದ ಮೇಲೆ ಕೈ ಇಟ್ಟುಕೊಂಡು, ಹಾಳೆಯ ತುಂಬ ಹರಡಿಕೊಂಡು ಉಳಿಯಿತು. ಹಿರಿಯರ ನಡುವೆ ಮೆಚ್ಚುಗೆಯ ಗುಜುಗುಜು ಎದ್ದಿತು. ಏಕಾಂತಯ್ಯನವರ ಮುಖ ಹೋಳಿಗೆಯ ಹಾಗೆ ಅರಳಿತು.

ಕ್ರಾಸ್ತಾ ಅವರು ಮೊಹರು ಪರೀಕ್ಷಿಸಿದರು. ಮೀಟರಿಗೆ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. "ಎಂತ ಮಾರಾಯ್ರೇ ಇದು? ಕರೆಂಟೇ ಇಲ್ಲ ಅಲ್ಲ?"

ಹಿರಿಯರು ಆಕಾಶ ನೋಡಿದರು. ತಿಮ್ಮೇಗೌಡ ತನ್ನ ಪಾದ ನೋಡಿದ.

"ಸೊನ್ನೆ ಅಂತ ಬರೀಬೇಕಾಗ್ತದೆ," ಎಂದರು ಅಧ್ಯಕ್ಷೆ.

ಇಂದುಮತಿ ಮೇಡಂ ಒಂದು ಹೆಜ್ಜೆ ಮುಂದೆ ಬಂದರು. ಸೆರಗನ್ನು ಎರಡು ಸಲ ಸೊಂಟಕ್ಕೆ ಸಿಕ್ಕಿಸಿದರು. "ಸರ್, ನಿಮ್ಮ ನೆರಳು... ಅದನ್ನ ಸ್ವಲ್ಪ ಆ ಕಡೆ ಎಳ್ಕೊಳ್ಳಿ."

ಹಿರಿಯರಲ್ಲೊಬ್ಬರು "ಶಿವ ಶಿವಾ" ಎಂದು ಕಿವಿ ಮುಚ್ಚಿಕೊಂಡರು. ಏಕಾಂತಯ್ಯನವರ ಮುಖದ ಹೋಳಿಗೆ ಹಪ್ಪಳವಾಯಿತು. "ಹ್ಞೂಂ... ನನ್ನ ನೆರಳಿಗೆ ಏನಾಗಿದೆಯಂತೆ? ಅದರ ಪಾಡಿಗೆ ಅದಿರಲಿ. ಸಂಜೆ ಹೊತ್ತಿಗೆ ತಾನೇ ಏಳುತ್ತೆ."

"ಸಂಜೆಗೆ ನಾವು ಇಲ್ಲಿರುದಿಲ್ಲ ಸಾರ್. ನಮ್ಮ ಗಾಡಿ ಮಧ್ಯಾಹ್ನಕ್ಕೆ ಉಂಟು," ಎಂದು ಕ್ರಾಸ್ತಾ ಅವರು ಪೆನ್ನಿನ ಮುಚ್ಚಳ ತೆಗೆದರು.

ಇಂದುಮತಿ ಮೇಡಂ ನನ್ನ ಟ್ಯಾಂಕಿನ ಕಡೆ ನೋಡಿದರು. ಬೇಡಿಕೆಯ ನೋಟವಲ್ಲ ಅದು, ಎಲ್ಲ ಮುಗಿಯಿತು ಅನ್ನುವವರ ನೋಟ. ನಾನು ತಲೆ ಒಳಕ್ಕೆಳೆದುಕೊಂಡು, ಒಡೆಯ ಎದುರಿಗೆ ನಿಂತಿರುವಾಗಲೇ ಒಡೆಯನ ದನಿ ತೆಗೆದೆ. "ಹ್ಞೂಂ... ನೋಡೀಪ್ಪಾ, ಒಂದು ರೀತಿಯಲ್ಲಿ ನೋಡಿದರೆ, ಕೆಳಗೆ ಗೋಡಂಬಿ..."

ತಾರಸಿಯ ಮೇಲಿದ್ದವರೆಲ್ಲ ಏಕಾಂತಯ್ಯನವರ ಬಾಯಿ ನೋಡಿದರು. ಅದು ಮುಚ್ಚಿತ್ತು. ಅವರೇ ಗಾಬರಿಯಿಂದ ತಮ್ಮ ಗಂಟಲು ಮುಟ್ಟಿ ನೋಡಿಕೊಂಡರು. ನೆರಳು ಕದಲಲಿಲ್ಲ. ಮಂತ್ರಿಗಳ ಫೋನು ಎಂದೆ. ಕದಲಲಿಲ್ಲ. ಇಷ್ಟು ಜನ ನೋಡುತ್ತಿರುವಾಗ ಯಾವ ಮಂತ್ರಿಯೂ ಅದಕ್ಕೆ ಲೆಕ್ಕವಿರಲಿಲ್ಲ. ಸೊಂಟದ ಮೇಲಿನ ಕೈ ಇನ್ನಷ್ಟು ಬಿಗಿಯಾಯಿತು. ಪೆನ್ನು ಕಾಗದಕ್ಕೆ ಇಳಿಯುತ್ತಿತ್ತು.

ಆಗ ನನಗೇ ಗೊತ್ತಿಲ್ಲದೆ ಇನ್ನೊಂದು ದನಿ ಬಂತು. ಸಣ್ಣದು, ತುದಿಯಲ್ಲಿ ಒಡೆದದ್ದು.

"ಸಾಕು ಕಣಪ್ಪ. ಕಾಲು ಸೇದಿ ಹೋಗ್ತಿದೆ. ಎಷ್ಟೂಂತ ನಿಲ್ಲೋದು? ಮನೆಗೆ ಹೋಗಿ ಒಂದು ತುತ್ತು ಮೊಸರನ್ನ ತಿಂದು ಮಲಗೋಣ ಬಾ."

ನೆರಳಿನ ಒಂದು ಕೈ ಸೊಂಟದಿಂದ ಜಾರಿತು. ಆಮೇಲೆ ಇನ್ನೊಂದು. ಎದೆ ಇಳಿಯಿತು, ಇಷ್ಟು ದಿನ ಒಳಗೆ ಹಿಡಿದಿಟ್ಟಿದ್ದ ಹೊಟ್ಟೆ ಹೊರಗೆ ಬಂತು. ಅದು ಬಗ್ಗಿ ಎರಡೂ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿತು. ಯಾರಾದರೂ ಕರೆದಾರು ಎಂಬ ಭಯಕ್ಕೋ ಏನೋ, ತುದಿಗಾಲಲ್ಲಿ ಹಿರಿಯರ ನಡುವೆಯೇ ನುಸುಳಿ ಮೆಟ್ಟಿಲು ಸೇರಿತು. ತಿರುವಿನಲ್ಲಿ ಓಡಿತು. ನಾವೆಲ್ಲ ಗೋಡೆಗೆ ಹೋಗಿ ಬಗ್ಗಿ ನೋಡಿದೆವು. ಏಕಾಂತಯ್ಯನವರ ನೆರಳು ಗುಡ್ಡದ ಇಳಿಜಾರಿನಲ್ಲಿ, ಗಂಟೆ ಹೊಡೆದ ಮೇಲಿನ ಶಾಲೆಯ ಹುಡುಗನ ಹಾಗೆ, ಮನೆಯ ದಿಕ್ಕಿಗೆ ಕಾಲ್ಕಿತ್ತಿತ್ತು.

"ಓ, ಈಗ ಬಂತು ನೋಡಿ!" ಎಂದರು ಹಿಂದಿನಿಂದ ಕ್ರಾಸ್ತಾ. ಗುಡ್ಡ ಇಳಿಯುವ ನೆರಳನ್ನು ಅವರು ನೋಡಿರಲಿಲ್ಲ, ಮೀಟರನ್ನೇ ನೋಡುತ್ತಿದ್ದರು. ಮುಳ್ಳು ಏರಿತು, ತಡವರಿಸಿತು, ಮತ್ತೆ ಏರಿತು. ಅವರು ಲೆಕ್ಕ ಹಾಕಿದರು, ತಪ್ಪಿರಬಹುದೆಂದು ಮತ್ತೊಮ್ಮೆ ಹಾಕಿದರು. "ಎಂಬತ್ತಮೂರು. ಒಂದು ವರ್ಷ ಬಿಸಿಲು ತಿಂದ ಹಾಳೆಯಾ ಇದು?"

"ಮೊದಲ ಕೆಲವು ವಾರ ನೆರಳಲ್ಲಿತ್ತು ಮೇಡಂ. ಅದನ್ನೂ ಬರ್ಕೊಳ್ಳಿ," ಎಂದರು ಇಂದುಮತಿ.

"ಹಾಗಾದ್ರೆ ಆ ವಾರಗಳಷ್ಟು ಕಾದು ಇ‌ನ್ನೊಮ್ಮೆ ಅಳೆಯುವ. ಅಂಚು ಎಂತದ್ರಲ್ಲಿ ಮುಚ್ಚಿದ್ದು ನೀವು? ತೋರಿಸಿ ನೋಡುವ. ಬೀಗದ ಸಂಗತಿ ಇನ್ನು ಯಾರೂ ಎತ್ತುದು ಬೇಡ."

ಇಂದುಮತಿ ಮೇಡಂ ಅಲ್ಲೇ ತಾರಸಿಯ ಮೇಲೆ ಕೂತುಬಿಟ್ಟರು. ಆ ಹೊತ್ತಿಗೆ ತಿಮ್ಮೇಗೌಡ ಟ್ಯಾಂಕಿನ ಹಿಂದಿನಿಂದ ನನ್ನ ತೋಳು ಹಿಡಿದು ಎಳೆತಂದಿದ್ದ. ಬಾಯಿ ಇನ್ನೂ ಏಕಾಂತಯ್ಯನವರ ಆಕಾರದಲ್ಲೇ ಇತ್ತು. ಸಿಕ್ಕಿಬಿದ್ದೆ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಏಕಾಂತಯ್ಯನವರು ನನ್ನನ್ನು ನೋಡಿದರು. ಮೆಟ್ಟಿಲು ನೋಡಿದರು. ಸುಡುವ ಬಿಸಿಲಲ್ಲಿ, ಊರ ಹಿರಿಯರ ಎದುರಿಗೆ, ಕಾಲ ಕೆಳಗೆ ಒಂದು ಬೊಟ್ಟಿನಷ್ಟೂ ನೆರಳಿಲ್ಲದೆ ನಿಂತಿದ್ದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರದೂ ಹೋಯಿತು ಎಂದು ಹಿರಿಯರ ಮುಖ ಹೇಳುತ್ತಿತ್ತು.

"ಎಷ್ಟು ದಿನದಿಂದ?" ಎಂದರು.

"ಮಳೆಗಾಲಕ್ಕೂ ಮುಂಚಿನಿಂದ ಸರ್."

"ತುಪ್ಪ ತಿಂದಿದ್ದು? ಆ ಕಬ್ಬಿಣದ ಬಟ್ಟು ಹೊತ್ತಿದ್ದು?"

"ಅದು ನಾನು ಹೇಳಿದ್ದಲ್ಲ ಸರ್."

ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬೆವರಿನ ಕೈಯಲ್ಲಿ ಅದನ್ನು ತೆಗೆದು ಎಲ್ಲೋ ಒತ್ತಿದರು. ದನಿ ತಾರಸಿಗೆಲ್ಲ ಕೇಳಿತು. ಅವರ ಮನೆಯವರು.

"ರೀ, ಎಲ್ಲಿದ್ದೀರಾ? ನಿಮ್ಮ ನೆರಳು ಬಂದು ಬೂಟು ಮೂಲೆಗೆಸೆದು ಊಟಕ್ಕೆ ಕೂತಿದೆ. ತಟ್ಟೆ ಹಾಕ್ಲಾ ಬೇಡ್ವಾ? ಅಯ್ಯೋ, ನೋಡಿ ನೋಡಿ, ಮಂಚಕ್ಕೇ ಹೋಯ್ತು. ಎಷ್ಟು ವರ್ಷ ಆಯ್ತು ರೀ, ನೀವು ಮಧ್ಯಾಹ್ನ ಮನೇಲಿ ಮಲಗಿ! ಫ್ಯಾನ್ ಹಾಕಿದೀನಿ. ಎಬ್ಬಿಸ್ಬೇಕಾ?"

ಏಕಾಂತಯ್ಯನವರ ತುಟಿ ಒಮ್ಮೆ ಅದುರಿತು. ಇನ್ನೊಮ್ಮೆ ಅದುರಿತು. "ಬೇಡ ಕಣೇ," ಎಂದರು, ಆ ಸಣ್ಣ ದನಿಯಲ್ಲೇ, ಎಲ್ಲರೆದುರಿಗೆ. "ಮಲಗಲಿ ಬಿಡು. ನಾನೂ ಬರ್ತಾ ಇದೀನಿ."

ಮೊದಲು ಕ್ರಾಸ್ತಾ ಅವರು ನಕ್ಕರು. ಹಿರಿಯರು ಶಾಲಿನ ಮರೆಯಲ್ಲಿ ನಕ್ಕರು, ತಿಮ್ಮೇಗೌಡ ನನ್ನ ತೋಳು ಬಿಡದೆಯೇ ನಕ್ಕ, ಇಂದುಮತಿ ಮೇಡಂ ಕೂತಲ್ಲೇ ಅಳುತ್ತಾ ನಕ್ಕರು. ಆಮೇಲೆ ಏಕಾಂತಯ್ಯನವರು ಶುರು ಮಾಡಿದರು. ಶಾಲು ಕಿತ್ತು ನನ್ನ ತಲೆಯ ಮೇಲೆಸೆದರು, ಕೋಟು ಬಿಚ್ಚಿದರು, ಜೇಬಿನಿಂದ ತೂಕದ ಬಟ್ಟುಗಳು ಒಂದೊಂದಾಗಿ ಉರುಳಿ ಠಣ್ ಠಣ್ ಎಂದವು. ಒಂದೊಂದು ಬಿದ್ದಾಗಲೂ ನಗು ಒಂದೊಂದು ಮೆಟ್ಟಿಲು ಮೇಲೇರಿತು. ಗೋಡೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕೊನೆಗೆ ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡು ಅವರು ಎಷ್ಟು ಜೋರಾಗಿ ನಕ್ಕರೆಂದರೆ, ನಾವೆಲ್ಲ ನಮ್ಮ ನಗು ನಿಲ್ಲಿಸಿ ಅವರದನ್ನು ಕೇಳುತ್ತಾ ನಿಂತೆವು.